ಅರಿವಿನ ವಯಸ್ಸು: ಪ್ರಥಮ ಪರಮಪ್ರಸಾದದ ಚರಿತ್ರೆ

ಕಥೋಲಿಕ ಧರ್ಮಕೇಂದ್ರಗಳಲ್ಲಿ ಏಳೆಂಟು ವರ್ಷದ ಮಕ್ಕಳು ಧರ್ಮೋಪದೇಶದ ತರಗತಿ ಮುಗಿಸಿ, ಧರ್ಮಗುರುಗಳಲ್ಲಿ ಪಾಪನಿವೇದನೆ ಮಾಡಿ, ಬಿಳಿಯುಡುಪು ತೊಟ್ಟು ಮೊದಲ ಬಾರಿಗೆ ಪರಮಪ್ರಸಾದವನ್ನು, ಅಂದರೆ ಬಲಿಪೂಜೆಯಲ್ಲಿ ಕ್ರಿಸ್ತನ ಶರೀರವೆಂಬ ನಂಬಿಕೆಯಿಂದ ಸ್ವೀಕರಿಸುವ ರೊಟ್ಟಿಯನ್ನು ಪಡೆಯುವ ಪದ್ಧತಿ ಬಹು ಪುರಾತನವೆಂಬಂತೆ ತೋರುತ್ತದೆ. ವಾಸ್ತವದಲ್ಲಿ ಈ ವಯೋನಿಯಮ ಈಗಿನ ರೂಪಕ್ಕೆ ಬಂದದ್ದು 1910ರಲ್ಲಿ. ಅದಕ್ಕೆ ಮೊದಲು ಇದೇ ಸಂಸ್ಕಾರ ಒಂದು ಕಾಲದಲ್ಲಿ ಹಸುಗೂಸುಗಳಿಗೂ ಸಲ್ಲುತ್ತಿತ್ತು, ಇನ್ನೊಂದು ಕಾಲದಲ್ಲಿ ಹದಿನಾಲ್ಕು ತುಂಬಿದವರಿಗೂ ಕಷ್ಟದಿಂದ ದೊರೆಯುತ್ತಿತ್ತು.

ಆರಂಭದ ಶತಮಾನಗಳಲ್ಲಿ ಸಿದ್ಧತೆ ಎಂಬುದು ಮುಖ್ಯವಾಗಿ ವಯಸ್ಕರಿಗೆ ಸಂಬಂಧಿಸಿದ್ದು. ಹೊಸದಾಗಿ ಧರ್ಮಕ್ಕೆ ಬರುವವರು ದೀಕ್ಷಾರ್ಥಿಗಳಾಗಿ ದೀರ್ಘಕಾಲ, ಕೆಲವೆಡೆ ಮೂರು ವರ್ಷಗಳವರೆಗೂ, ಬೋಧನೆ ಕೇಳಿ, ಕ್ರಿಸ್ತನ ಪುನರುತ್ಥಾನದ ಹಬ್ಬವಾದ ಪಾಸ್ಖದ ಜಾಗರಣೆಯಂದು ಜ್ಞಾನಸ್ನಾನ, ತೈಲಾಭ್ಯಂಗ, ಪರಮಪ್ರಸಾದ ಮೂರನ್ನೂ ಒಂದೇ ರಾತ್ರಿ ಪಡೆಯುತ್ತಿದ್ದರು. ಜ್ಞಾನಸ್ನಾನ ಹೊಂದಿದ ಶಿಶುಗಳಿಗೂ ದ್ರಾಕ್ಷಾರಸದ ಹನಿಗಳ ರೂಪದಲ್ಲಿ ಪರಮಪ್ರಸಾದ ಸಲ್ಲುತ್ತಿತ್ತು. ಪೂರ್ವದೇಶದ ಧರ್ಮಸಭೆಗಳು ಈ ಕ್ರಮವನ್ನು ಉಳಿಸಿಕೊಂಡವು. ಪಶ್ಚಿಮದಲ್ಲಿ ಮಾತ್ರ ಅಭ್ಯಂಗದ ಅಧಿಕಾರ ಬಿಷಪರ ಕೈಯಲ್ಲೇ ಉಳಿದದ್ದರಿಂದ, ಅವರು ಬರುವ ತನಕ ಕಾಯಬೇಕಾದ ಹಳ್ಳಿಗಳಲ್ಲಿ ದೃಢೀಕರಣವೆಂದು ಹೆಸರಾದ ಈ ಅಭ್ಯಂಗವು ಪ್ರತ್ಯೇಕ ಸಂಸ್ಕಾರವಾಗಿ ದೂರ ಸರಿಯಿತು. ಹನ್ನೆರಡನೆಯ ಶತಮಾನದ ಸುಮಾರಿಗೆ ಜನಸಾಮಾನ್ಯರಿಗೆ ಪಾನಪಾತ್ರೆಯನ್ನು ನೀಡುವುದು ನಿಲ್ಲುತ್ತ ಬಂದಂತೆ, ದ್ರವವನ್ನಷ್ಟೇ ನುಂಗಬಲ್ಲ ಕೂಸುಗಳು ಪರಮಪ್ರಸಾದದಿಂದಲೂ ವಂಚಿತವಾದವು. ದೊಡ್ಡ ಸಿದ್ಧಾಂತವೊಂದರ ತೀರ್ಮಾನಕ್ಕಿಂತ ಇಂಥ ವ್ಯವಹಾರದ ಅಡಚಣೆಗಳೇ ಈ ಬದಲಾವಣೆಯಲ್ಲಿ ಹೆಚ್ಚು ಕೆಲಸ ಮಾಡಿದಂತೆ ಕಾಣುತ್ತದೆ.

1215ರ ನಾಲ್ಕನೆಯ ಲ್ಯಾಟೆರನ್ ಮಹಾಸಭೆಯು ವಿವೇಚನೆಯ ವಯಸ್ಸಿಗೆ ಬಂದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಿ, ಪಾಸ್ಖದ ಕಾಲದಲ್ಲಿ ಪರಮಪ್ರಸಾದ ಸ್ವೀಕರಿಸಬೇಕೆಂದು ವಿಧಿಸಿತೇ ಹೊರತು ಆ ವಯಸ್ಸು ಎಷ್ಟೆಂದು ಹೇಳಲಿಲ್ಲ. ಈ ಮೌನದಿಂದಾಗಿ ಪಾಪನಿವೇದನೆಗೆ ಒಂದು ವಿವೇಚನೆ, ಪರಮಪ್ರಸಾದಕ್ಕೆ ಅದಕ್ಕಿಂತ ಪಕ್ವವಾದ ಇನ್ನೊಂದು ವಿವೇಚನೆ ಬೇಕೆಂಬ ವಾದ ಬೆಳೆದು, ಮಕ್ಕಳು ಮೊದಲನೆಯದಕ್ಕೆ ಅರ್ಹರಾಗಿಯೂ ಎರಡನೆಯದಕ್ಕಾಗಿ ವರ್ಷಗಟ್ಟಲೆ ಕಾಯುವಂತಾಯಿತು.

ಈ ಕಾಯುವಿಕೆ ಒಂದು ಸಂಸ್ಥೆಯಾಗಿಯೇ ರೂಪುಗೊಂಡದ್ದು ಫ್ರಾನ್ಸಿನಲ್ಲಿ. 1643ರಲ್ಲಿ ಆಂತ್ವಾನ್ ಆರ್ನೋ ಪದೇ ಪದೇ ಪರಮಪ್ರಸಾದ ಸ್ವೀಕರಿಸುವುದರ ಕುರಿತು ಬರೆದ ಗ್ರಂಥವು ಜಾನ್ಸೆನಿಸಂ ಎಂಬ ಕಠೋರ ಧಾರ್ಮಿಕ ಪಂಥದ ನಿಲುವನ್ನು ಪ್ರಚುರಪಡಿಸಿತು. ಪರಮಪ್ರಸಾದವು ದುರ್ಬಲರಿಗೆ ಔಷಧವೆಂಬ ಹಳೆಯ ಭಾವನೆ ಹಿಂದೆ ಸರಿದು, ಯೋಗ್ಯರಿಗೆ ಸಲ್ಲುವ ಬಹುಮಾನವೆಂಬ ಭಾವನೆ ಪಂಥದ ಎಲ್ಲೆಯ ಹೊರಗೂ ಹಬ್ಬಿತು. ಅದೇ ಕಾಲದಲ್ಲಿ ಪ್ಯಾರಿಸ್ಸಿನ ಸೇಂತ್ ಸುಲ್ಪೀಸ್‌ನಂಥ ಧರ್ಮಕೇಂದ್ರಗಳಲ್ಲಿ ಮಕ್ಕಳನ್ನು ಗುಂಪಾಗಿ ಕೂರಿಸಿ, ಪ್ರಶ್ನೋತ್ತರದ ಪುಸ್ತಕವನ್ನು ಬಾಯಿಪಾಠ ಮಾಡಿಸಿ, ಪರೀಕ್ಷಿಸುವ ಕ್ರಮ ಬೇರೂರಿತು. ಹನ್ನೆರಡರ ಆಸುಪಾಸಿನಲ್ಲಿ ನಡೆಯುತ್ತಿದ್ದ ಪ್ರಥಮ ಪರಮಪ್ರಸಾದವು ಹೆಣ್ಣುಮಕ್ಕಳ ಶ್ವೇತವಸ್ತ್ರ, ಗಂಡುಮಕ್ಕಳ ತೋಳಿನ ಪಟ್ಟಿ, ಮೇಣದ ಬತ್ತಿ, ಜ್ಞಾನಸ್ನಾನದ ಪ್ರತಿಜ್ಞೆಗಳ ನವೀಕರಣ ಇವೆಲ್ಲವನ್ನೂ ಕೂಡಿಸಿಕೊಂಡು, ಬಡವರ ಮಕ್ಕಳ ಪಾಲಿಗೆ ಓದು ಮುಗಿದು ದುಡಿಮೆ ತೊಡಗುವುದನ್ನು ಊರಿಗೆ ಸಾರುವ ಸಮಾರಂಭವಾಯಿತು. ಹನ್ನೆರಡಕ್ಕಿಂತ ಕಿರಿಯರಿಗೆ ಪರಮಪ್ರಸಾದ ಸಲ್ಲದೆಂಬ ರುವಾನ್ ಪ್ರಾಂತೀಯ ಸಭೆಯ ನಿಯಮವನ್ನು ರೋಮ್ 1851ರಲ್ಲಿ ಒಪ್ಪಲಿಲ್ಲ, 1866ರಲ್ಲಿ ಫ್ರಾನ್ಸಿನ ಬಿಷಪರಿಗೆ ಇದೇ ವಿಷಯವಾಗಿ ಎಚ್ಚರಿಕೆಯನ್ನೂ ಕಳುಹಿಸಿತು. ಆದರೆ ಊರ ಸಂಪ್ರದಾಯ ಕಾಗದದ ಆಜ್ಞೆಗೆ ಸುಲಭವಾಗಿ ಜಗ್ಗಲಿಲ್ಲ.

ಹತ್ತನೆಯ ಪಯಸ್ ಪೋಪರ ಕಾಲದಲ್ಲಿ, 1910ರ ಆಗಸ್ಟ್ 8ರಂದು ಹೊರಟ ‘ಕ್ವಾಮ್ ಸಿಂಗುಲಾರಿ’ ಎಂಬ ಆಜ್ಞಾಪತ್ರವು ಎರಡೂ ಸಂಸ್ಕಾರಗಳಿಗೆ ವಿವೇಚನೆಯ ವಯಸ್ಸು ಒಂದೇ, ಅದು ಸುಮಾರು ಏಳು ಎಂದು ಸ್ಪಷ್ಟಪಡಿಸಿ, ಪರಮಪ್ರಸಾದದ ರೊಟ್ಟಿಗೂ ಸಾಧಾರಣ ರೊಟ್ಟಿಗೂ ಇರುವ ಭೇದವನ್ನು ಮಗು ತಿಳಿದಿದ್ದರೆ ಸಾಕು, ಪೂರ್ಣ ಪಾಠ ಬೇಕಿಲ್ಲವೆಂದಿತು. ಅರ್ಹತೆಯನ್ನು ನಿರ್ಣಯಿಸುವ ಹೊಣೆಯನ್ನು ಪಾಪನಿವೇದನೆ ಕೇಳುವ ಗುರುವಿಗೂ ತಂದೆಗೂ ಒಪ್ಪಿಸಿತು. ಫ್ರೆಂಚರು ಏಳರಲ್ಲಿ ಖಾಸಗಿ ಪರಮಪ್ರಸಾದ, ಹನ್ನೆರಡರಲ್ಲಿ ವಿಧ್ಯುಕ್ತ ಪರಮಪ್ರಸಾದ ಎಂದು ಇಬ್ಬಗೆ ಮಾಡಿ ತಮ್ಮ ಹಬ್ಬವನ್ನು ಉಳಿಸಿಕೊಂಡದ್ದು ಜಾಣ ಉಪಾಯವೇ ಸರಿ.

ಕೊಂಕಣಿ ಮಾತನಾಡುವ ಕರಾವಳಿಯ ಕಥೋಲಿಕರಲ್ಲಿ ‘ಕುಮ್ಗಾರ್’ ಎನಿಸಿಕೊಂಡ ಪರಮಪ್ರಸಾದಕ್ಕೂ ‘ಕುಮ್ಸಾರ್’ ಎನಿಸಿಕೊಂಡ ಪಾಪನಿವೇದನೆಗೂ ಸಿದ್ಧಪಡಿಸುವ ‘ದೊತೊರ್ನ್’ ಪಾಠದ ಬೇರು ಗೋವೆಯಲ್ಲಿದೆ. ಜೆಸ್ವಿತ್ ಪಾದ್ರಿ ಥಾಮಸ್ ಸ್ಟೀಫನ್ಸ್ ಕೊಂಕಣಿಯಲ್ಲಿ ರಚಿಸಿದ ಪ್ರಶ್ನೋತ್ತರ ರೂಪದ ಧರ್ಮೋಪದೇಶ, ಆತನ ಮರಣಾನಂತರ 1622ರಲ್ಲಿ ಅಲ್ಲಿನ ರಾಯ್ತೂರಿನಲ್ಲಿ ಅಚ್ಚಾಯಿತು. ಮೈಸೂರು ಸೀಮೆಯ ಸ್ಥಿತಿ ಬೇರೆ: ಹದಿನೇಳನೆಯ ಶತಮಾನದ ಮಧ್ಯದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿತ್ ಲಿಯೊನಾರ್ಡೊ ಚಿನ್ನಾಮಿ ಕನ್ನಡದಲ್ಲಿ ಧರ್ಮೋಪದೇಶ ಬರೆದದ್ದು ಹೊಸದಾಗಿ ದೀಕ್ಷೆ ಪಡೆಯುವವರನ್ನು ಗಮನದಲ್ಲಿಟ್ಟುಕೊಂಡು. ಪಾದ್ರಿಗಳು ವಿರಳವಾಗಿದ್ದ ಅಲ್ಲಿ ದಿನನಿತ್ಯದ ಬೋಧನೆ ಸ್ಥಳೀಯ ಉಪದೇಶಿಗಳ ಕೈಯಲ್ಲಿತ್ತು.

ಸಿದ್ಧತೆಗೆ ಶರೀರದ ಶಿಸ್ತೂ ಒಂದಿತ್ತು. ಮಧ್ಯರಾತ್ರಿಯಿಂದ ನೀರನ್ನೂ ಮುಟ್ಟದೆ ಪರಮಪ್ರಸಾದ ಸ್ವೀಕರಿಸಬೇಕೆಂಬ ನಿಯಮ ಚಿಕ್ಕ ಮಕ್ಕಳಿಗೂ ಅನ್ವಯಿಸುತ್ತಿತ್ತು. 1953ರಲ್ಲಿ ನೀರಿಗೆ ವಿನಾಯಿತಿ ದೊರೆತು, 1957ರಲ್ಲಿ ಆಹಾರದ ಉಪವಾಸ ಮೂರು ಗಂಟೆಗೂ, 1964ರಲ್ಲಿ ಒಂದು ಗಂಟೆಗೂ ಇಳಿಯಿತು.

1910ರ ಸುಧಾರಣೆ ಬಗೆಹರಿಸದೆ ಬಿಟ್ಟ ತೊಡಕು ದೃಢೀಕರಣದ್ದು. ಪರಮಪ್ರಸಾದ ಏಳಕ್ಕೆ ಇಳಿದರೂ ದೃಢೀಕರಣ ಹಲವೆಡೆ ಹದಿಹರೆಯದಲ್ಲೇ ನಿಂತದ್ದರಿಂದ ಆದಿಯ ಅನುಕ್ರಮ ತಲೆಕೆಳಗಾಯಿತು. 1972ರಲ್ಲಿ ವಯಸ್ಕರಿಗಾಗಿ ಪುನಃಸ್ಥಾಪಿತವಾದ ದೀಕ್ಷಾವಿಧಿಯಲ್ಲಿ ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದಗಳ ಹಳೆಯ ಕ್ರಮ ಮರಳಿತು. ಮಕ್ಕಳ ವಿಷಯದಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಕೆಲವು ಧರ್ಮಪ್ರಾಂತ್ಯಗಳು ದೃಢೀಕರಣವನ್ನು ಪ್ರಥಮ ಪರಮಪ್ರಸಾದಕ್ಕಿಂತ ಮುಂಚೆಯೇ ನೀಡತೊಡಗಿದರೆ, ಇತರೆಡೆಗಳಲ್ಲಿ ಹದಿಹರೆಯದ ದೃಢೀಕರಣವೇ ಮುಂದುವರಿದಿದೆ.