ಮೊದಲು ಕಾಲುಚೀಲ, ಆಮೇಲೆ ಮಫ್ಲರ್

ಹೆಣಿಗೆ ಕಲಿಯಬೇಕು ಎಂದು ಯಾರು ಬಂದರೂ ನಾನು ಮೊದಲು ಹಾಕಿಸುವುದು ಮಫ್ಲರ್. ಎಂಟು ನಂಬರಿನ ಎರಡು ಕಡ್ಡಿ, ಸ್ವಲ್ಪ ದಪ್ಪನೆಯ ಉಲನ್, ಕಡ್ಡಿಯ ಮೇಲೆ ಮೂವತ್ತು ಕುಣಿಕೆ. ಉಲನ್ ಬಣ್ಣ ತಿಳಿಯಾಗಿರಬೇಕು. ಕಪ್ಪು, ಕಡುನೀಲಿ ತಂದರೆ ಮಳೆಗಾಲದ ಮಡಿಕೇರಿಯ ಮಬ್ಬಿನಲ್ಲಿ ಕುಣಿಕೆ ಕಾಣುವುದೇ ಇಲ್ಲ. ಎಡಗೈ ಕಡ್ಡಿಯ ಕುಣಿಕೆಯೊಳಗೆ ಬಲಗೈ ಕಡ್ಡಿಯ ತುದಿಯನ್ನು ಮುಂದಿನಿಂದ ಹಿಂದಕ್ಕೆ ತೂರಿಸು, ಉಲನ್ ಸುತ್ತು, ಹೊರಗೆಳೆ, ಹಳೆಯ ಕುಣಿಕೆಯನ್ನು ಬಿಡು. ಇದು ಸೀದಾ. ಸಾಲು ಮುಗಿದ ಮೇಲೆ ಕಡ್ಡಿ ತಿರುಗಿಸಿಕೊಂಡು ಮತ್ತೆ ಸೀದಾ. ಹೀಗೆಯೇ ಹೋದರೆ ಎರಡೂ ಮುಖದಲ್ಲಿ ಅಡ್ಡ ದಿಂಡುಗಳೆದ್ದ ಪಟ್ಟಿ ಬೆಳೆಯುತ್ತದೆ. ಅಂಚು ಸುರುಳಿ ಸುತ್ತುವುದಿಲ್ಲ, ಯಾವುದು ಒಳಗು ಯಾವುದು ಹೊರಗು ಎಂಬ ತಕರಾರೂ ಇಲ್ಲ. ಅದು ಕೈಗೆ ಕೂತ ಮೇಲೆ ಉಲ್ಟಾ. ಉಲನ್ನನ್ನು ಈಚೆ ತಂದುಕೊಂಡು ಕಡ್ಡಿಯನ್ನು ಹಿಂದಿನಿಂದ ಮುಂದಕ್ಕೆ ತೂರಿಸುವುದು. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹಾಕಿದರೆ ಎದುರಿನ ಮುಖ ಅಂಗಡಿಯ ಸ್ವೆಟರಿನ ಹಾಗೆ ನುಣುಪಾಗುತ್ತದೆ.

ನನಗೆ ಇದನ್ನು ಕಲಿಸಿದವರು ಪಕ್ಕದ ಮನೆಯ ಸುಬೇದಾರರ ಹೆಂಡತಿ. ನಾವು ಅವರನ್ನು ಆಂಟಿ ಎಂದೇ ಕರೆಯುತ್ತಿದ್ದೆವು. ಗಂಡನ ಜೊತೆ ಅಂಬಾಲ, ಡೆಹ್ರಾಡೂನ್ ಎಂದು ಸುತ್ತಿ ಬಂದವರು. ಸೀದಾ, ಉಲ್ಟಾ ಎಂಬ ಮಾತುಗಳೂ ಅಲ್ಲಿನ ಕ್ವಾರ್ಟರ್ಸ್‌ಗಳಿಂದ ಅವರ ಟ್ರಂಕಿನ ಜೊತೆಗೇ ನಮ್ಮ ಬೀದಿಗೆ ಬಂದವು. ಅವರೂ ಮೊದಲು ಹಾಕಿಸಿದ್ದು ಮಫ್ಲರ್. ಎರಡು ಕಡ್ಡಿಯ ಈ ಪಟ್ಟಿಯೇ ಹೆಣಿಗೆಯ ಹುಟ್ಟು ರೂಪ, ಉಳಿದದ್ದೆಲ್ಲ ಇದರ ಮೇಲೆ ಬೆಳೆದದ್ದು ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಚರಿತ್ರೆ ನೋಡಿದರೆ ಕ್ರಮ ಪೂರ್ತಿ ಬೇರೆ. ಮಫ್ಲರು ಮೊದಲ ಪಾಠವಾದದ್ದು ಬಹಳ ಈಚೆಗೆ. ನೂರಾರು ವರ್ಷ ಕಲಿಯುವವರ ಕೈಗೆ ಬಂದದ್ದು ಕಾಲುಚೀಲ.

ನಮಗೆ ಸಿಕ್ಕಿರುವ ತೀರ ಹಳೆಯ ಹೆಣಿಗೆಯೂ ಕಾಲುಚೀಲವೇ. ಈಜಿಪ್ಟಿನ ಒಣ ನೆಲದಲ್ಲಿ ಉಳಿದುಕೊಂಡ ನೀಲಿ ಬಿಳಿ ಕಾಲುಚೀಲಗಳು ಮತ್ತು ಅವುಗಳ ತುಂಡುಗಳು 11ರಿಂದ 14ನೆಯ ಶತಮಾನದ ನಡುವಿನವು. ಉಣ್ಣೆಯವಲ್ಲ, ಹತ್ತಿಯವು. ಹೆಣಿಗೆ ಚಳಿ ದೇಶದವರ ಕಲೆ ಎಂದುಕೊಂಡವರು ಇದನ್ನು ನೆನಪಿನಲ್ಲಿಡಬೇಕು: ಮೊದಲ ಸಾಕ್ಷಿ ಇರುವುದು ಬಿಸಿಲ ನಾಡಿನಲ್ಲಿ, ಹತ್ತಿಯ ನೂಲಿನಲ್ಲಿ. ಅವುಗಳ ಮೇಲಿನ ಚೌಕ, ಅಂಕುಡೊಂಕು ಗೆರೆಗಳ ವಿನ್ಯಾಸ ಆಗತಾನೆ ಕಲಿತವರ ಕೆಲಸವಲ್ಲ. ಅಷ್ಟು ಪಳಗಬೇಕಾದರೆ ಅದಕ್ಕೆ ಮುಂಚೆ ಎಷ್ಟೋ ತಲೆಮಾರಿನ ಕೈಗಳು ದುಡಿದಿರಬೇಕು.

ಆ ಕಾಲುಚೀಲಗಳನ್ನು ಹೆಣೆದದ್ದು ಸುತ್ತು ಹೆಣಿಗೆಯಲ್ಲಿ. ನಾಲ್ಕೈದು ಸಣ್ಣ ಕಡ್ಡಿಗಳ ಮೇಲೆ ಕುಣಿಕೆಗಳನ್ನು ಹಂಚಿಕೊಂಡು ಒಂದೇ ದಿಕ್ಕಿನಲ್ಲಿ ಸುತ್ತುತ್ತಾ ಹೋಗುವ ಕ್ರಮ ಇದು. ಹೀಗೆ ಹೆಣೆಯುವಾಗ ಬಟ್ಟೆಯ ಹೊರಮುಖವೇ ಸದಾ ಕಣ್ಣೆದುರು ಇರುತ್ತದೆ. ತಿರುಗಿಸುವ ಮಾತೇ ಇಲ್ಲ. ತಿರುಗಿಸದಿದ್ದರೆ ಉಲ್ಟಾ ಯಾಕೆ ಬೇಕು? ಬರೀ ಸೀದಾ ಹಾಕುತ್ತಾ ಹೋದರೂ ನುಣುಪಾದ ಬಟ್ಟೆ ತಾನಾಗಿ ಬರುತ್ತದೆ. ಜರ್ಮನಿಯ ಹ್ಯಾಂಬರ್ಗ್ ಕಲಾಸಂಗ್ರಹಾಲಯದಲ್ಲಿ ಬುಕ್ಸ್‌ಟೆಹುಡೆ ಬಲಿಪೀಠದ ಚಿತ್ರಗಳಿವೆ. ಮಾಸ್ಟರ್ ಬರ್ಟ್ರಾಮನ ಹೆಸರಿಗೆ ಸೇರಿದ, ಸುಮಾರು 1400ರ ಕೃತಿ. ಅದರ ಒಂದು ಫಲಕದಲ್ಲಿ ಮೇರಿ ಮಗುವಿನ ಅಂಗಿಯ ಕೊರಳು ಹೆಣೆಯುತ್ತಾ ಕೂತಿದ್ದಾಳೆ. ಪಕ್ಕದಲ್ಲಿ ಶಿಲುಬೆ, ಈಟಿ, ಮುಳ್ಳಿನ ಕಿರೀಟ ಹಿಡಿದು ದೇವದೂತರು ನಿಂತಿದ್ದಾರೆ. ನೋಡುವವರ ಕಣ್ಣು ಸಹಜವಾಗಿ ಆ ಶಿಲುಬೆಯ ಕಡೆ ಹೋಗುತ್ತದೆ, ನನ್ನ ಕಣ್ಣು ಮೇರಿಯ ಕೈಗೆ ಹೋಯಿತು. ಅಲ್ಲಿಯೂ ಕೊರಳ ಸುತ್ತ ಕಡ್ಡಿಗಳನ್ನು ನಿಲ್ಲಿಸಿಕೊಂಡ ಸುತ್ತು ಹೆಣಿಗೆಯೇ.

ಉಲ್ಟಾ ಕಾಣಿಸುವ ಹಳೆಯ ಉಡುಪುಗಳಲ್ಲಿ ಹೆಸರಾದದ್ದು ಫ್ಲಾರೆನ್ಸಿನ ಎಲಿಯೊನೋರಾ ದಿ ತೊಲೆದೊ ಎಂಬ ರಾಣಿವಾಸದ ಹೆಣ್ಣಿನ ಕೆಂಪು ರೇಷ್ಮೆ ಕಾಲುಚೀಲ. ಆಕೆ 1562ರಲ್ಲಿ ತೀರಿಕೊಂಡಾಗ ಅದನ್ನು ತೊಡಿಸಿಯೇ ಮಣ್ಣು ಮಾಡಿದ್ದರು. ಅದರಲ್ಲಿ ಉಲ್ಟಾ ಕುಣಿಕೆಗಳು ಬಂದಿರುವುದು ಅನಿವಾರ್ಯದಿಂದಲ್ಲ, ಅಂದಕ್ಕಾಗಿ. ನುಣುಪಿನ ಮೇಲೆ ಉಬ್ಬು ಗೆರೆ ಮೂಡಿಸಲು ಯಾರೋ ಅದನ್ನು ಬೇಕೆಂದೇ ಹಾಕಿದ್ದಾರೆ. ನಾವು ಎರಡನೆಯ ಪಾಠದಲ್ಲಿ ಹೇಳಿಕೊಡುವ ಕುಣಿಕೆ ಚರಿತ್ರೆಯಲ್ಲಿ ಸೀದಾಕ್ಕಿಂತ ಎಷ್ಟೋ ನೂರು ವರ್ಷ ತಡವಾಗಿ ಕಣ್ಣಿಗೆ ಬೀಳುತ್ತದೆ.

ಯಂತ್ರಕ್ಕಂತೂ ಅದು ಇನ್ನೂ ಕಷ್ಟವಾಯಿತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರಿನ ವಿಲಿಯಂ ಲೀ 1589ರಲ್ಲಿ ಕಾಲುಚೀಲ ಹೆಣೆಯುವ ಚೌಕಟ್ಟು ಕಟ್ಟಿದ. ಒಂದು ಸಾಲಿನ ಎಲ್ಲ ಕುಣಿಕೆಗಳನ್ನೂ ಒಟ್ಟಿಗೇ ಹಾಕುವ ಯಂತ್ರ ಅದು, ಆದರೆ ಒಂದೇ ಬಗೆಯ ಕುಣಿಕೆ ಮಾತ್ರ. ಸೀದಾ ಉಲ್ಟಾ ಬೆರೆತ, ಎಳೆದರೆ ಹಿಗ್ಗುವ ಬಾರ್ಡರ್ ಅದರಲ್ಲಿ ಬರುತ್ತಿರಲಿಲ್ಲ. ಅದಕ್ಕೆ ಬೇಕಾದ ಜೋಡಣೆಯನ್ನು ಡರ್ಬಿಯ ಜೆಡೆಡಯಾ ಸ್ಟ್ರಟ್ ಮಾಡಿದ್ದು 1750ರ ದಶಕದ ಕೊನೆಗೆ. ನಡುವೆ ಸುಮಾರು 170 ವರ್ಷ! ನಮ್ಮ ಜಗಲಿಯಲ್ಲಿ ಕೂತ ಆರನೇ ಕ್ಲಾಸಿನ ಹುಡುಗಿ ಎರಡು ಕುಣಿಕೆ ಸೀದಾ, ಎರಡು ಉಲ್ಟಾ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಬಾರ್ಡರ್ ಎಬ್ಬಿಸುವಾಗ ನನಗೆ ಈ ಲೆಕ್ಕ ನೆನಪಾಗುತ್ತದೆ. ಅವಳ ಕೈ ಮಾಡುತ್ತಿರುವುದು ಸಣ್ಣ ಕೆಲಸವಲ್ಲ ಎಂದು ಅವಳಿಗೆ ಹೇಳಿಯೇ ಹೇಳುತ್ತೇನೆ.

ಇಂಗ್ಲಿಷಿನಲ್ಲಿ ಅಚ್ಚಾದ ಮೊದಲ ಹೆಣಿಗೆಯ ವಿಧಾನವೆಂದು ಗುರುತಿಸುವುದು 1655ರಲ್ಲಿ ಲಂಡನ್ನಿನಿಂದ ಬಂದ ಒಂದು ಮನೆಮದ್ದಿನ ಪುಸ್ತಕದಲ್ಲಿರುವುದನ್ನು. ಅದೂ ಕಾಲುಚೀಲದ್ದೇ. ಆದರೆ ಪುಸ್ತಕ ನೋಡಿ ಕಲಿತವರು ಎಷ್ಟು ಜನ? ಕಲಿತವರು ಬಹುತೇಕ ಮಕ್ಕಳು, ಅದೂ ಬಡವರ ಮಕ್ಕಳು. 1570ರಲ್ಲಿ ನಾರ್ವಿಚ್ ನಗರ ತನ್ನ ಬಡವರ ಗಣತಿ ಮಾಡಿಸಿದಾಗ ಹೆಣಿಗೆ ಮಾಡಿ ಮನೆಗೆ ಕಾಸು ತರುವ ಮಕ್ಕಳನ್ನೂ ಬರೆದುಕೊಂಡರು. ಆ ಶತಮಾನ ಮುಗಿಯುವ ಹೊತ್ತಿಗೆ ಯಾರ್ಕ್, ಲಿಂಕನ್ ಮುಂತಾದ ಊರುಗಳಲ್ಲಿ ಬಡಮಕ್ಕಳಿಗೆಂದು ಹೆಣಿಗೆ ಶಾಲೆಗಳಿದ್ದವು. ಅಲ್ಲಿ ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ ಎಂಬ ಸಮಾಧಾನಕ್ಕೆ ಎಡೆಯಿರಲಿಲ್ಲ. ಮಾರಾಟವಾಗುವ ವಸ್ತು ಕಾಲುಚೀಲ, ಆದ್ದರಿಂದ ಕಲಿಯಬೇಕಾದದ್ದೂ ಕಾಲುಚೀಲ.

ಆಗ ಯಾರ್ಕ್‌ಶೈರಿಗೆ ಸೇರಿದ್ದ ಡೆಂಟ್ ಕಣಿವೆಯ ಹೆಣಿಗೆಯವರು ಹೀಗೆ ಹೆಸರಾದವರು. ಸೊಂಟಪಟ್ಟಿಗೆ ಮರದ ಒರೆಯೊಂದನ್ನು ಸಿಕ್ಕಿಸಿ ಬಲಗಡೆಯ ಕಡ್ಡಿಯನ್ನು ಅದರಲ್ಲಿ ಊರಿಬಿಡುತ್ತಿದ್ದರು. ಕಡ್ಡಿಯ ಭಾರ ಒರೆಗೆ, ಬೆರಳಿಗೆ ಬರೀ ವೇಗದ ಕೆಲಸ. ದನ ಅಟ್ಟುತ್ತಾ, ಸಂತೆಗೆ ನಡೆಯುತ್ತಾ ಹೆಣೆದರು. ರಾತ್ರಿ ಒಂದು ಮನೆಯ ಒಲೆಯ ಸುತ್ತ ಸೇರಿ ಹಾಡಿಕೊಳ್ಳುತ್ತಾ ಹೆಣೆದರು. ಕವಿ ರಾಬರ್ಟ್ ಸದೀ ತನ್ನ ‘ದಿ ಡಾಕ್ಟರ್’ ಎಂಬ ಕೃತಿಯಲ್ಲಿ ಬೆಟ್ಟಿ ಯೂಡೇಲ್ ಎಂಬ ಹೆಂಗಸಿನ ಬಾಲ್ಯದ ಕತೆ ಸೇರಿಸಿದ್ದಾನೆ. ಅವಳು ಮುದುಕಿಯಾದ ಮೇಲೆ ತನ್ನ ಆಡುಮಾತಿನಲ್ಲಿ ಹೇಳಿ ಬರೆಸಿದ ಕತೆ ಅದು. ಬೆಟ್ಟಿ ಮತ್ತು ಅವಳ ತಂಗಿಯನ್ನು ತೀರ ಚಿಕ್ಕವರಿರುವಾಗಲೇ ಲ್ಯಾಂಗ್‌ಡೇಲಿನಿಂದ ಡೆಂಟಿಗೆ ಹೆಣಿಗೆ ಕಲಿಯಲು ಕಳಿಸಿದ್ದರು. ಬೆಳಗಿನಿಂದ ರಾತ್ರಿಯವರೆಗೆ ಕಡ್ಡಿ. ಹಿಡಿಸದ ಊಟ, ಹಿಡಿಸದ ಊರು. ಕೊನೆಗೆ ಇಬ್ಬರೂ ಯಾರಿಗೂ ಹೇಳದೆ ಹೊರಟುಬಿಟ್ಟರು. ದಾರಿಯಲ್ಲಿ ಕಂಡಕಂಡ ಮನೆಯಲ್ಲಿ ಊಟ, ಜಾಗ ಕೇಳಿಕೊಂಡು, ಗುಡ್ಡ ಕಣಿವೆ ದಾಟಿ, ನಡೆದೇ ಅಪ್ಪ ಅಮ್ಮನ ಮನೆ ಸೇರಿದರು. ಹೆಣಿಗೆ ಎಂದರೆ ಅಜ್ಜಿಯ ಮಡಿಲು, ಬೆಚ್ಚನೆಯ ಮೂಲೆ ಎಂದಷ್ಟೇ ಬರೆಯುವವರು ಈ ಇಬ್ಬರು ಹುಡುಗಿಯರನ್ನೂ ಅದೇ ಚಿತ್ರದಲ್ಲಿ ಕೂರಿಸಬೇಕು. ನಮ್ಮ ಕೈಯಲ್ಲಿರುವ ಜಾಣ್ಮೆಯನ್ನು ಕಾದು ಕೊಟ್ಟದ್ದು ಅಂಥ ಮಕ್ಕಳ ಬೆರಳುಗಳೂ ಹೌದು.

ಹಾಗಾದರೆ ಮಫ್ಲರ್ ಮುಂದೆ ಬಂದದ್ದು ಯಾವಾಗ? ನನ್ನ ಮಟ್ಟಿಗೆ ಉತ್ತರ ಯುದ್ಧದಲ್ಲಿದೆ. 1914ರಲ್ಲಿ ಬ್ರಿಟನ್ನಿನ ರಾಣಿ ಮೇರಿ ಸೈನಿಕರಿಗಾಗಿ 3,00,000 ಜೊತೆ ಕಾಲುಚೀಲ ಮತ್ತು ಅಷ್ಟೇ ಸೊಂಟಪಟ್ಟಿ ಬೇಕೆಂದು ಕರೆ ಕೊಟ್ಟಳು. ಕಂದಕಗಳ ನೀರಿನಲ್ಲಿ ದಿನಗಟ್ಟಲೆ ನಿಂತವರ ಪಾದ ಕೊಳೆಯುತ್ತಿತ್ತು, ಒಣ ಕಾಲುಚೀಲ ಔಷಧಿಯಷ್ಟೇ ಮುಖ್ಯವಾಯಿತು. ಅಮೆರಿಕ 1917ರಲ್ಲಿ ಯುದ್ಧಕ್ಕಿಳಿದಾಗ ಅಲ್ಲಿನ ರೆಡ್‌ಕ್ರಾಸ್ ಕೂಡ ಹೆಣೆಯಿರಿ ಎಂದು ಊರೂರಿಗೆ ಹೇಳಿತು. ಅಧ್ಯಕ್ಷ ವಿಲ್ಸನ್ ಶ್ವೇತಭವನದ ಹುಲ್ಲಿನ ಮೇಲೆ ಕುರಿ ಮೇಯಿಸಿ ಅದರ ಉಣ್ಣೆಯನ್ನು ರೆಡ್‌ಕ್ರಾಸಿಗಾಗಿ ಹರಾಜು ಹಾಕಿಸಿದರು. ಆದರೆ ಮುಂದೆ ಬಂದವರಲ್ಲಿ ಕಡ್ಡಿಯನ್ನೇ ಹಿಡಿಯದವರು ಬೇಕಾದಷ್ಟಿದ್ದರು: ಕಾಲೇಜು ಹುಡುಗಿಯರು, ಶಾಲೆಯ ಗಂಡುಮಕ್ಕಳು, ಆಸ್ಪತ್ರೆಯಲ್ಲಿ ಮಲಗಿದ ಗಾಯಾಳು ಸೈನಿಕರು. ಇವರಿಗೆ ಹಿಮ್ಮಡಿ ತಿರುಗಿಸುವುದನ್ನು ಹೇಳಿಕೊಡುತ್ತಾ ಕೂರಲು ಯಾರಿಗೆ ಪುರುಸೊತ್ತು? ಅವರಿಗೆಂದೇ ಮಫ್ಲರ್ ಇತ್ತು. ರೆಡ್‌ಕ್ರಾಸಿನ ವಿಧಾನ ಹೀಗೆ: 50 ಕುಣಿಕೆ, 11 ಅಂಗುಲ ಅಗಲ, 68 ಅಂಗುಲ ಉದ್ದದವರೆಗೆ ಬರೀ ಸೀದಾ. ಉಲ್ಟಾದ ಸುದ್ದಿಯೇ ಇಲ್ಲ. ಚಿಕ್ಕ ಮಕ್ಕಳು ಇನ್ನೂ ಚಿಕ್ಕ ಚೌಕಗಳನ್ನು ಹೆಣೆದರು, ದೊಡ್ಡವರು ಅವನ್ನು ಸೇರಿಸಿ ಕಂಬಳಿ ಮಾಡಿದರು. ಎರಡನೆಯ ಮಹಾಯುದ್ಧದಲ್ಲೂ ಅದೇ ಕರೆ ಮತ್ತೆ ಬಂತು. ‘ಲೈಫ್’ ಪತ್ರಿಕೆ 1941ರ ನವೆಂಬರ್ 24ರ ಸಂಚಿಕೆಯ ಮುಖಪುಟವನ್ನೇ ಹೆಣಿಗೆ ಕಲಿಸುವುದಕ್ಕೆ ಕೊಟ್ಟಿತು.

ಕೂಲಿಗಾಗಿ ಕಲಿಯುವ ಮಗುವಿಗೆ ಕಾಲುಚೀಲ, ಇಷ್ಟಪಟ್ಟು ಕಲಿಯುವ ದೊಡ್ಡವರಿಗೆ ಮಫ್ಲರ್. ಈ ಎರಡು ಪಾಠಗಳ ನಡುವಿನ ದೂರ ನನ್ನನ್ನು ಬಹಳ ಕಾಡಿದೆ.

ನಮ್ಮ ದೇಶದೊಳಗೇ ಕಾಲುಚೀಲದಿಂದ ಶುರುವಾದ ಒಂದು ಶಾಲೆಯಿತ್ತು. ಹಿಮಾಚಲದ ಲಾಹೌಲ್ ಕಣಿವೆಯ ಕೇಲಾಂಗಿನಲ್ಲಿ 1856ರ ಸುಮಾರಿಗೆ ಮೊರೇವಿಯನ್ ಪಂಥದ ಮಿಷನರಿಗಳು ನೆಲೆ ಮಾಡಿದರು. 1859ರಲ್ಲಿ ಮಾರಿಯಾ ಎಂಬ ತರುಣಿ ಮಿಷನರಿ ವಿಲ್ಹೆಲ್ಮ್ ಹೈಡೆಯನ್ನು ಮದುವೆಯಾಗಲು ಅಲ್ಲಿಗೆ ಬಂದಳು, ಸುಮಾರು ನಲವತ್ತು ವರ್ಷ ಅಲ್ಲೇ ಬಾಳಿದಳು. ಅವಳು ನಡೆಸಿದ ಹೆಣಿಗೆ ಶಾಲೆಯಲ್ಲಿ ಲಾಹೌಲಿನ ಹೆಂಗಸರು ಕಾಲುಚೀಲ ಕಲಿತರು. ತಕಲಿಯಲ್ಲಿ ಉಣ್ಣೆ ನೂಲುವುದು ಆ ಬೆಟ್ಟದವರಿಗೆ ಹೊಸದಲ್ಲ, ಹೊಸದಾದದ್ದು ಕಡ್ಡಿ. ರೋಹ್ತಾಂಗ್ ಕಣಿವೆದಾರಿ ಹಿಮದಿಂದ ಮುಚ್ಚಿ ಹೋಗುವ ಚಳಿಗಾಲದುದ್ದಕ್ಕೂ ಕೈಗೆ ಕೆಲಸವಾಯಿತು. 2020ರಲ್ಲಿ ಅಟಲ್ ಸುರಂಗ ತೆರೆಯುವವರೆಗೂ ಆ ಊರುಗಳ ಚಳಿಗಾಲ ಹಾಗೆಯೇ ಇತ್ತು. ಮಿಷನ್ ಮುಚ್ಚಿಹೋಯಿತು, ಕಲಿತವರು ಬಿಡಲಿಲ್ಲ. ಬಣ್ಣಬಣ್ಣದ ವಿನ್ಯಾಸಗಳನ್ನು ತಮ್ಮದೇ ರೀತಿಯಲ್ಲಿ ಕೂಡಿಸಿದರು. ಇಂದು ಲಾಹೌಲಿ ಕಾಲುಚೀಲ ಮತ್ತು ಕೈಗವಸುಗಳಿಗೆ ಜಿಐ, ಅಂದರೆ ಭೌಗೋಳಿಕ ಸೂಚಿಕೆಯ, ಮಾನ್ಯತೆ ಇದೆ.

ಇದನ್ನೆಲ್ಲ ತಿಳಿದ ಮೇಲೆ ನಾನು ಮಫ್ಲರನ್ನು ಬಿಟ್ಟಿಲ್ಲ, ಅದರ ಜಾಗ ಬದಲಿಸಿದ್ದೇನೆ. ಅರ್ಧ ಮಫ್ಲರ್ ಬರೀ ಸೀದಾದಲ್ಲಿ, ಇನ್ನರ್ಧ ಸೀದಾ ಉಲ್ಟಾದಲ್ಲಿ ಮುಗಿಸಿದ ಮರುವಾರವೇ ನಾಲ್ಕು ಕಡ್ಡಿ ಕೊಡುತ್ತೇನೆ. “ಅಕ್ಕಾ, ಇಷ್ಟು ಬೇಗ ಬೇಡ” ಎನ್ನುತ್ತಾರೆ. ಮೂರು ಕಡ್ಡಿಗೆ ಕುಣಿಕೆ ಹಂಚಿ, ನಾಲ್ಕನೆಯದರಲ್ಲಿ ಹೆಣೆಯಲು ಹೇಳುತ್ತೇನೆ. ಕಣಕಾಲಿನವರೆಗೆ ಬರೀ ಸೀದಾ, ಸುತ್ತಿ ಸುತ್ತಿ. ಹಿಮ್ಮಡಿಯ ಹತ್ತಿರ ಬಂದಾಗ ಅರ್ಧ ಕುಣಿಕೆಗಳನ್ನು ಹಾಗೆಯೇ ನಿಲ್ಲಿಸಿ, ಉಳಿದರ್ಧವನ್ನು ಎರಡೇ ಕಡ್ಡಿಯಲ್ಲಿ ಹಿಂದೆ ಮುಂದೆ ಹೆಣೆಯಬೇಕು: ಒಂದು ಸಾಲು ಸೀದಾ, ತಿರುಗಿಸಿ ಒಂದು ಸಾಲು ಉಲ್ಟಾ. ಅಲ್ಲಿ ಅವರು ತಲೆಯೆತ್ತಿ “ಇದು ಮಫ್ಲರೇ ಅಲ್ವಾ ಅಕ್ಕಾ?” ಎಂದು ಕೇಳುತ್ತಾರೆ. ಹೌದು, ಅದೇ, ಇನ್ನೊಂದು ಹದಿನಾರು ಸಾಲು ಹಾಕು, ಆಮೇಲೆ ಹಿಮ್ಮಡಿ ತಿರುಗಿಸೋಣ ಎನ್ನುತ್ತೇನೆ.