ಉತಾರ ತೆಗೆಸುವುದು

ಇಂಡಿ ತಾಲೂಕಿನ ಅಗರಖೇಡ ಭೀಮಾ ದಂಡೆಯ ಊರು. ಈ ಭಾಗದ ರೈತರಿಗೆ ಹೊಲದ ಕಾಗದ ಬೇಕಾದರೆ ‘ಉತಾರ ತಗಸಬೇಕ್ರಿ’ ಅಂತಾರೆ. ಸರ್ಕಾರಿ ಕನ್ನಡದಲ್ಲಿ ಅದು ‘ಪಹಣಿ ಪಡೆಯುವುದು’.

ಉತಾರ ಮರಾಠಿಯಿಂದ ಬಂದದ್ದು. ಮೂಲ ದಾಖಲೆಯಿಂದ ಇಳಿಸಿಕೊಂಡ ನಕಲು ಎಂದರ್ಥ. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಭೀಮೆಯಾಚೆಯ ಸೊಲ್ಲಾಪುರ ಜಿಲ್ಲೆಯಲ್ಲಿ ಇಂದಿಗೂ ಗ್ರಾಮ ನಮೂನೆ 7 ಮತ್ತು 12 ಸೇರಿದ ‘ಸಾತ್‌ಬಾರಾ ಉತಾರಾ’ ನಡೆಯುತ್ತದೆ. ಈಚೆ ರಾಜ್ಯ ಬದಲಾಯಿತು, 1964ರ ಭೂಕಂದಾಯ ಕಾಯ್ದೆ ಬಂತು, 2000ದ ಸುಮಾರಿಗೆ ‘ಭೂಮಿ’ ಯೋಜನೆ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ಜನರ ಮಾತು ಮಾತ್ರ ಉಳಿಯಿತು.

ಈ ಪದಗುಚ್ಛದಲ್ಲಿ ಹೆಸರು ಹೊರಗಿನದು, ಕ್ರಿಯಾಪದ ನಮ್ಮದು. ಅದೂ ‘ತೆಗೆಸು’: ಇನ್ನೊಬ್ಬರ ಕೈಯಿಂದಲೇ ಆಗಬೇಕಾದ ಕೆಲಸ. ಕುಲಕರ್ಣಿ, ತಲಾಟಿಯರ ಮುಂದೆ ನಿಂತ ತಲೆಮಾರುಗಳ ಅನುಭವ ಆ ‘ಸು’ದಲ್ಲಿದೆ. ಈಗ ಉತಾರ ಮೊಬೈಲಿನಲ್ಲೇ ಕಾಣುತ್ತದೆ. ಓದು ಬಾರದ ಅಜ್ಜ ಅದನ್ನೂ ಮೊಮ್ಮಗನಿಂದ ತೆಗೆಸುತ್ತಾನೆ. ಆದರೆ ಪರದೆಯ ಮೇಲೆ ‘ಉತಾರ’ ಎಂದು ಹುಡುಕಿದರೆ ಸಿಗುವುದು ಕಷ್ಟ, ಅಲ್ಲಿರುವುದು ‘ಪಹಣಿ’.

ನಾವು ವರದಿಗಾರರೂ ‘ಪಹಣಿ’ ಎಂದಷ್ಟೇ ಬರೆದರೆ, ಬೆಳೆ ಪರಿಹಾರದ ಸುದ್ದಿ ಬೇಕಾದವರಿಗೇ ತಲುಪುವುದಿಲ್ಲ. ಅದಕ್ಕೆ ನಾವು ಎರಡನ್ನೂ ಬರೆಯುತ್ತೇವೆ: ಪಹಣಿ, ಅಂದರೆ ಉತಾರ.