ಚೆಲ್ಲೊ ವಾದನದ ಮಹಾಗುರು ಪಾಬ್ಲೊ ಕಸಾಲ್ಸ್

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಪಿಟೀಲಿಗೆ ಸಂದ ಮನ್ನಣೆಯು ಅದರ ಹಿರಿಯಣ್ಣನಂತಿರುವ ಚೆಲ್ಲೊ ವಾದ್ಯಕ್ಕೆ ಬಹುಕಾಲ ಸಲ್ಲಲಿಲ್ಲ. ಕುಳಿತು, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸುವ ಈ ನಾಲ್ಕು ತಂತಿಗಳ ವಾದ್ಯದ ನಾದ ಮನುಷ್ಯಕಂಠಕ್ಕೆ ತೀರ ಸಮೀಪವಾದುದು. ಅದನ್ನು ಏಕವ್ಯಕ್ತಿ ಕಛೇರಿಯ ಘನತೆಗೆ ಏರಿಸಿದವರಲ್ಲಿ ಅಗ್ರಗಣ್ಯರು ಪಾಬ್ಲೊ ಕಸಾಲ್ಸ್. ಅವರ ತಾಯ್ನುಡಿಯಾದ ಕ್ಯಾಟಲಾನ್‌ನಲ್ಲಿ ಹೆಸರು 'ಪಾವ್'. ಆ ಪದಕ್ಕೆ ಶಾಂತಿ ಎಂಬ ಅರ್ಥವೂ ಉಂಟು.

ಕಸಾಲ್ಸ್ ಜನಿಸಿದ್ದು 1876ರ ಡಿಸೆಂಬರ್ 29ರಂದು, ಸ್ಪೇನಿನ ಕ್ಯಾಟಲೋನಿಯಾ ಪ್ರಾಂತ್ಯದ ಎಲ್ ವೆಂಡ್ರೆಲ್ ಎಂಬ ಊರಿನಲ್ಲಿ. ತಂದೆ ಚರ್ಚಿನ ಆರ್ಗನ್ ವಾದಕರು, ಮಗನ ಮೊದಲ ಗುರುವೂ ಅವರೇ. ಬಾಲಕನಿಗೆ ದೊರೆತ ಮೊದಲ 'ಚೆಲ್ಲೊ' ಸೋರೆಬುರುಡೆಯಿಂದ ಮಾಡಿದ್ದು! ವೀಣೆಯ ಬುರುಡೆಯನ್ನು ಕಂಡ ನಮಗೆ ಇದು ಅಪರಿಚಿತವೆನಿಸದು.

1890ರಲ್ಲಿ ಬಾರ್ಸಿಲೋನಾದ ಹಳೆಯ ಸಂಗೀತ ಪುಸ್ತಕಗಳ ಅಂಗಡಿಯೊಂದರಲ್ಲಿ ಹದಿಮೂರರ ಹುಡುಗನ ಕೈಗೆ ಬಾಖ್ ರಚಿಸಿದ ಆರು ಚೆಲ್ಲೊ ಸ್ವೀಟ್‌ಗಳ ಪ್ರತಿ ಸಿಕ್ಕಿತು. ಅಂದು ಸಂಗೀತಲೋಕ ಅವುಗಳನ್ನು ಬಹುಮಟ್ಟಿಗೆ ಬೆರಳುಗಳ ಸಾಧನೆಗಾಗಿ ಬರೆದ ಪಾಠಗಳೆಂದೇ ಎಣಿಸಿತ್ತು. ನಮ್ಮಲ್ಲಿ ಸರಳೆ, ಅಲಂಕಾರಗಳನ್ನು ಕಾಣುವಂತೆ. ಕಸಾಲ್ಸ್ ಹನ್ನೆರಡು ವರ್ಷ ಅವುಗಳನ್ನು ಏಕಾಂತದಲ್ಲಿ ಅಭ್ಯಸಿಸಿ, ಅನಂತರವೇ ಸ್ವೀಟ್ ಒಂದನ್ನು ಸಂಪೂರ್ಣವಾಗಿ ವೇದಿಕೆಯಲ್ಲಿ ನುಡಿಸಿದರು. 1936ರಿಂದ 1939ರ ನಡುವೆ ಆರನ್ನೂ ಧ್ವನಿಮುದ್ರಿಸಿದರು. ಇಂದು ಚೆಲ್ಲೊ ಕಲಿಯುವವರಿಗೆ ಆ ಕೃತಿಗಳು ವೇದಸಮಾನ.

ಅವರ ಕಾಲದ ಶಿಷ್ಯರು ಬಲಗಂಕುಳಲ್ಲಿ ಪುಸ್ತಕವೊಂದನ್ನು ಅದುಮಿಕೊಂಡು, ಅದು ಬೀಳದಂತೆ ಕಮಾನು ಎಳೆಯಬೇಕಿತ್ತು. ಕಸಾಲ್ಸ್ ಈ ಕಟ್ಟುಪಾಡನ್ನು ಮುರಿದು ತೋಳನ್ನು ಸ್ವತಂತ್ರಗೊಳಿಸಿದರು. ಎಡಗೈ ಬೆರಳುಗಳ ಚಲನೆಯನ್ನೂ ಹೊಸದಾಗಿ ರೂಪಿಸಿದರು. 1919ರಲ್ಲಿ ಆಲ್ಫ್ರೆಡ್ ಕೋರ್ಟೊ ಮೊದಲಾದವರೊಡನೆ ಪ್ಯಾರಿಸ್ಸಿನಲ್ಲಿ ಎಕೋಲ್ ನಾರ್ಮಾಲ್ ಸಂಗೀತಶಾಲೆಯನ್ನು ಸ್ಥಾಪಿಸಿದರು. ಗಿಲ್ಹೆರ್ಮಿನಾ ಸುಜಿಯಾ, ಗಾಸ್ಪರ್ ಕಸಾಡೊ ಅವರಿಂದ ಕಲಿತ ಪ್ರಸಿದ್ಧರು.

1920ರಲ್ಲಿ ಬಾರ್ಸಿಲೋನಾದಲ್ಲಿ ತಮ್ಮದೇ ವಾದ್ಯವೃಂದ ಕಟ್ಟಿ, ಮೊದಲ ಹಲವು ವರ್ಷಗಳ ನಷ್ಟವನ್ನು ಸ್ವಂತ ಸಂಪಾದನೆಯಿಂದ ತುಂಬಿದರು. ಕಾರ್ಮಿಕರಿಗಾಗಿ ಅಲ್ಪ ಶುಲ್ಕದ ಕಛೇರಿಗಳನ್ನೂ ಏರ್ಪಡಿಸಿದರು. 1936ರ ಜುಲೈ ತಿಂಗಳಲ್ಲಿ ಬೀಥೋವನ್‌ನ ಒಂಬತ್ತನೆಯ ಸಿಂಫನಿಯ ತಾಲೀಮು ನಡೆದಿರುವಾಗಲೇ ಸೈನ್ಯ ದಂಗೆಯೆದ್ದ ಸುದ್ದಿ ಬಂದಿತು. ಕಛೇರಿ ರದ್ದಾಯಿತು. ಕಲಾವಿದರು ಕೃತಿಯನ್ನು ಕೊನೆಯವರೆಗೂ ನುಡಿಸಿ, ಪರಸ್ಪರ ಬೀಳ್ಕೊಂಡು ಚದುರಿದರು.

1939ರಲ್ಲಿ ಫ್ರಾಂಕೊ ಗೆದ್ದಾಗ ಕಸಾಲ್ಸ್ ಗಡಿಯಾಚೆಯ ಫ್ರಾನ್ಸಿನ ಪ್ರಾಡ್ ಎಂಬ ಸಣ್ಣ ಊರಿನಲ್ಲಿ ನೆಲೆಸಿ, ನಿರಾಶ್ರಿತರಿಗಾಗಿ ಸಹಾಯ ಯಾಚಿಸಿ ಪತ್ರಗಳನ್ನು ಬರೆಯುತ್ತ ಕಾಲ ಕಳೆದರು. ಮಹಾಯುದ್ಧ ಮುಗಿದ ಮೇಲೂ ವಿಜೇತ ರಾಷ್ಟ್ರಗಳು ಫ್ರಾಂಕೊನನ್ನು ಕದಲಿಸದಿದ್ದುದನ್ನು ಕಂಡು, ಅವನ ಆಡಳಿತವನ್ನು ಮಾನ್ಯ ಮಾಡುವ ದೇಶಗಳಲ್ಲಿ ನುಡಿಸುವುದಿಲ್ಲವೆಂದು ನಿಶ್ಚಯಿಸಿದರು. ಕಲಾವಿದನಿಗೆ ಮೌನಕ್ಕಿಂತ ದೊಡ್ಡ ದಂಡವಿಲ್ಲ. ಅದನ್ನು ತಾವೇ ವಿಧಿಸಿಕೊಂಡರು. 1950ರಲ್ಲಿ, ಬಾಖ್ ನಿಧನದ ದ್ವಿಶತಮಾನೋತ್ಸವದ ಸಂದರ್ಭದಲ್ಲಿ, ಅಲೆಕ್ಸಾಂಡರ್ ಶ್ನೈಡರ್ ಅವರ ಪ್ರಯತ್ನದಿಂದ ಜಗತ್ತಿನ ಸಂಗೀತಗಾರರೇ ಪ್ರಾಡ್‌ಗೆ ಬಂದು ಅವರೊಡನೆ ನುಡಿಸಿದರು.

ಅನಂತರ ತಾಯಿಯ ಹುಟ್ಟುನಾಡಾದ ಪೋರ್ಟೊರಿಕೊದಲ್ಲಿ ನೆಲೆಸಿ, 1957ರಲ್ಲಿ ಅಲ್ಲಿ ಸಂಗೀತೋತ್ಸವ ಆರಂಭಿಸಿದರು. 1961ರ ನವೆಂಬರ್ 13ರಂದು ಅಧ್ಯಕ್ಷ ಕೆನೆಡಿಯವರ ಆಹ್ವಾನದ ಮೇರೆಗೆ ಶ್ವೇತಭವನದಲ್ಲಿ ನುಡಿಸಿದರು. ಅಮೆರಿಕ ಫ್ರಾಂಕೊನ ಸರ್ಕಾರವನ್ನು ಮಾನ್ಯ ಮಾಡಿದ್ದ ದೇಶವೇ. ವ್ರತಭಂಗವೆಂದು ಇದನ್ನು ಆಕ್ಷೇಪಿಸಬಹುದು. ಆದರೆ ಕೆನೆಡಿಯವರ ಮೇಲಿನ ಗೌರವದಿಂದ ಒಪ್ಪಿದ ಅವರು ತಮ್ಮ ನಿಲುವನ್ನು ಎಂದೂ ಮುಚ್ಚಿಡಲಿಲ್ಲ. 1971ರಲ್ಲಿ, ತೊಂಬತ್ತನಾಲ್ಕರ ವಯಸ್ಸಿನಲ್ಲಿ, ವಿಶ್ವಸಂಸ್ಥೆಗಾಗಿ ತಾವು ರಚಿಸಿದ ಗೀತೆಯನ್ನು ನಿರ್ದೇಶಿಸಿ, ಪಕ್ಷಿಗಳ ಹಾಡು ಎಂಬ ಕ್ಯಾಟಲಾನ್ ಜಾನಪದ ಧಾಟಿಯನ್ನು ನುಡಿಸಿದರು.

1973ರ ಅಕ್ಟೋಬರ್ 22ರಂದು ಸಾನ್ ಹುವಾನ್‌ನಲ್ಲಿ ಕಸಾಲ್ಸ್ ನಿಧನರಾದರು. ಫ್ರಾಂಕೊ ತೀರಿಕೊಂಡದ್ದು 1975ರಲ್ಲಿ. ಸ್ಪೇನಿನಲ್ಲಿ ಪ್ರಜಾಪ್ರಭುತ್ವ ಮರಳಿದ ಬಳಿಕ, 1979ರಲ್ಲಿ, ಕಸಾಲ್ಸರ ಪಾರ್ಥಿವ ಶರೀರವನ್ನು ಎಲ್ ವೆಂಡ್ರೆಲ್‌ಗೆ ತಂದು ಸಮಾಧಿ ಮಾಡಲಾಯಿತು.